ಇಪ್ಪತ್ತು ಪೌಂಡು, ಒಂದು ಗಂಟೆ

ಶುಕ್ರವಾರ ಸಂಜೆ ಏಳಕ್ಕೆ ಹತ್ತು ನಿಮಿಷ ಇದೆ. ಇಂಗ್ಲೆಂಡಿನ ಒಂದು ಬಾಡಿಗೆ ಮನೆ, ವಾರದ ಕೆಲಸ ಮುಗಿದಿದೆ, ಒಲೆ ಮೇಲೆ ಕುಕ್ಕರ್, ಕೈಯಲ್ಲಿ ಫೋನು. ಏಳರಿಂದ ಎಂಟರವರೆಗೆ ಆನ್‌ಲೈನ್ ಸ್ಲಾಟ್, ಅಂದರೆ ಪಣ ಕಟ್ಟಿ ಚಿತ್ರದ ಚಕ್ರಗಳನ್ನು ತಿರುಗಿಸುವ ಜೂಜಾಟ, ಅದಕ್ಕೆ 20 ಪೌಂಡು. ಈ ಗಂಟೆ ಯಾರದೋ ನಿಜವಾದ ಗಂಟೆಯಲ್ಲ, ಲೆಕ್ಕ ಕಣ್ಣಿಗೆ ಕಾಣಲಿ ಎಂದು ಕಟ್ಟಿದ್ದು. ನಿಯಮ, ತಾರೀಖುಗಳು ಮಾತ್ರ ಬ್ರಿಟನ್ನಿನಲ್ಲಿ ನಿಜವಾಗಿ ಇರುವಂಥವೇ.

ಬ್ರಿಟನ್ನೇ ಯಾಕೆ ಅಂದರೆ, ಭಾರತದಲ್ಲಿ ಇದಕ್ಕೆ ಜಾಗವಿಲ್ಲ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು, ಜಾಣ್ಮೆಯವಿರಲಿ ಅದೃಷ್ಟದವಿರಲಿ, ನಿಷೇಧಿಸುವ ಕೇಂದ್ರ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ದಾವಣಗೆರೆಯಲ್ಲೋ ಬೆಂಗಳೂರಿನಲ್ಲೋ ಕೂತವರಿಗೆ ವಾಟ್ಸಾಪ್, ಟೆಲಿಗ್ರಾಂ ಲಿಂಕಿನಲ್ಲಿ ಬರುವ ಸ್ಲಾಟ್ ಆಪ್‌ಗಳ ಹಿಂದೆ ಪರವಾನಗಿಯೂ ಇಲ್ಲ, ದೂರು ಕೇಳುವವರೂ ಇಲ್ಲ. ಗೆದ್ದದ್ದನ್ನು ಕೊಡಲೇಬೇಕೆಂಬ ಹಂಗಿಲ್ಲದವನ ಹತ್ತಿರ ಎಷ್ಟು ಶಿಸ್ತಿನಿಂದ ಆಡಿದರೂ ಒಂದೇ. ಇಂಗ್ಲೆಂಡಿನಿಂದ ರಜೆಗೆ ಊರಿಗೆ ಬಂದವರು ಅಲ್ಲಿನ ಖಾತೆಯನ್ನು ವಿಪಿಎನ್ (ಎಲ್ಲಿಂದ ತೆರೆದಿದ್ದೇವೆಂಬುದನ್ನು ಮರೆಮಾಚುವ ತಂತ್ರಾಂಶ) ಹಾಕಿ ತೆರೆಯುವುದೂ ಬೇಡ. ಕಂಪನಿಯ ಷರತ್ತು ಮುರಿದಂತಾಗಿ, ಗೆದ್ದ ದುಡ್ಡು ತಡೆಹಿಡಿಯಲು ಅವರಿಗೆ ಕಾರಣ ಸಿಗುತ್ತದೆ.

ಈಗ ಆ 20 ಪೌಂಡಿನ ಲೆಕ್ಕ. ಹೆಚ್ಚಿನವರು ಎಡವುವುದು ಇಲ್ಲೇ. ಸ್ಲಾಟ್ ತನ್ನ ಪಾಲನ್ನು ಹಿಡಿದುಕೊಳ್ಳುವುದು ನಾವು ಖಾತೆಗೆ ಹಾಕಿದ ದುಡ್ಡಿನ ಮೇಲಲ್ಲ, ಉರುಳಿಸಿದ ದುಡ್ಡಿನ ಮೇಲೆ, ಅಂದರೆ ಪ್ರತಿ ಸಲ ಕಟ್ಟಿದ ಪಣಗಳ ಒಟ್ಟು ಮೊತ್ತದ ಮೇಲೆ. ಆರ್‌ಟಿಪಿ (ಆಡಿದವರಿಗೆ ವಾಪಸ್ಸು ಬರುವ ಪಾಲು) 96 ಎಂದರೆ ಉರುಳಿಸಿದ ಪ್ರತಿ 100ರಲ್ಲಿ, ಲಕ್ಷಾಂತರ ಸ್ಪಿನ್‌ಗಳ, ಅಂದರೆ ಚಕ್ರದ ತಿರುಗಾಟಗಳ, ಸರಾಸರಿಯಲ್ಲಿ, 96 ವಾಪಸ್ಸು. ಒಂದು ಸ್ಪಿನ್ನಿಗೆ 20 ಪೆನ್ಸ್ (ಪೌಂಡಿನ ಐದನೇ ಒಂದು ಪಾಲು), ನಿಮಿಷಕ್ಕೆ 10 ಸ್ಪಿನ್ ಎಂದು ಹಿಡಿಯಿರಿ. ಗಂಟೆಗೆ 600 ಸ್ಪಿನ್, ಅಂದರೆ 120 ಪೌಂಡು. ಕೈಲಿದ್ದ 20 ಪೌಂಡೇ ಗೆದ್ದು ಸೋತು ಮತ್ತೆ ಗೆದ್ದು ಆರು ಸುತ್ತು ಹೊಡೆಯುತ್ತದೆ. ಅದರ ಶೇಕಡಾ 4, ಅಂದರೆ 4 ಪೌಂಡು 80 ಪೆನ್ಸ್, ಈ ಸಂಜೆಯ ಸರಾಸರಿ ಬೆಲೆ. ಅದೇ ಆಟವನ್ನು 1 ಪೌಂಡಿನ ಪಣದಲ್ಲಿ ಆಡಿದರೆ 600 ಪೌಂಡು ಉರುಳಬೇಕು, ಬೆಲೆ 24 ಪೌಂಡು. ಕೈಯಲ್ಲಿರುವುದಕ್ಕಿಂತ ಬೆಲೆಯೇ ಹೆಚ್ಚು. ಹಣದ ನಿರ್ವಹಣೆ ಅಂತ ಏನೇನೋ ಹೇಳುತ್ತಾರೆ. ಈ ಗುಣಾಕಾರದ ಮೂರು ಸಂಖ್ಯೆಗಳನ್ನು, ಅಂದರೆ ಪಣ, ವೇಗ, ಆರ್‌ಟಿಪಿ, ಮೊದಲೇ ಗೊತ್ತು ಮಾಡಿಕೊಳ್ಳುವುದೇ ಅದರ ಮುಕ್ಕಾಲು ಪಾಲು. ಆಟವನ್ನು ಸೋಲಿಸುವ ಹಣ ನಿರ್ವಹಣೆ ಅಂತ ಒಂದಿಲ್ಲ.

ವೇಗದ ವಿಷಯದಲ್ಲಿ ಬ್ರಿಟನ್ನಿನ ನಿಯಮ ಸಹಾಯಕ್ಕಿದೆ. 2021ರ ಅಕ್ಟೋಬರ್ 31ರಿಂದ ಒಂದು ಸ್ಪಿನ್ನಿಗೂ ಇನ್ನೊಂದಕ್ಕೂ ಕನಿಷ್ಠ ಎರಡೂವರೆ ಸೆಕೆಂಡು ಇರಬೇಕು. ತಾನಾಗಿ ಸ್ಪಿನ್ ಮಾಡುತ್ತ ಹೋಗುವ ಆಟೋಪ್ಲೇ ಇಲ್ಲ, ಚಕ್ರವನ್ನು ಅವಸರಿಸುವ ಟರ್ಬೋ ಬಟನ್ನೂ ಇಲ್ಲ. ಹಾಗಿದ್ದರೂ ಬೆರಳು ಬಿಡದೆ ಒತ್ತಿದರೆ ನಿಮಿಷಕ್ಕೆ 24 ಸ್ಪಿನ್ ಆಗುತ್ತದೆ. ಅಷ್ಟು ವೇಗದಲ್ಲಿ 20 ಪೆನ್ಸ್ ಪಣವೇ ಗಂಟೆಗೆ 288 ಪೌಂಡು ಉರುಳಿಸಿ, ಸುಮಾರು ಹನ್ನೊಂದೂವರೆ ಪೌಂಡು ತಿನ್ನುತ್ತದೆ. ನಿಧಾನವಾಗಿ ಆಡಿ ಎಂದು ಹೇಳುವುದು ಉಪದೇಶಕ್ಕಲ್ಲ, ಅದರಲ್ಲಿ ದುಡ್ಡು ಉಳಿಯುತ್ತದೆ. ಪಣಕ್ಕೂ ಮಿತಿಯಿದೆ: 2025ರ ಏಪ್ರಿಲ್ 9ರಿಂದ ಒಂದು ಸ್ಪಿನ್ನಿಗೆ ಹೆಚ್ಚೆಂದರೆ 5 ಪೌಂಡು, 18ರಿಂದ 24ರ ವಯಸ್ಸಿನವರಿಗೆ ಮೇ 21ರಿಂದ 2 ಪೌಂಡು. 5 ಪೌಂಡಿನ ಪಣದಲ್ಲಿ ನಮ್ಮ 20 ಪೌಂಡು ಅಂದರೆ ನಾಲ್ಕೇ ಸ್ಪಿನ್, ಹತ್ತು ಸೆಕೆಂಡು.

ಏಳಕ್ಕೆ ಮುಂಚಿನ ಹತ್ತು ನಿಮಿಷದಲ್ಲಿ ಮಾಡುವ ಕೆಲಸ ಬೇಸರದ್ದು, ಮುಖ್ಯವಾದದ್ದೂ ಅದೇ. ಸೈಟಿನ ಅಡಿಯಲ್ಲಿರುವ ಪರವಾನಗಿ ಸಂಖ್ಯೆಯನ್ನು, ಅಲ್ಲಿ ಜೂಜನ್ನು ನಿಯಂತ್ರಿಸುವ ಗ್ಯಾಂಬ್ಲಿಂಗ್ ಕಮಿಷನ್ನಿನ ಸಾರ್ವಜನಿಕ ಪಟ್ಟಿಯಲ್ಲಿ ಹುಡುಕಿ ತಾಳೆ ನೋಡಬೇಕು. ಅಷ್ಟಕ್ಕೂ ಪುರುಸೊತ್ತಿಲ್ಲದವರಿಗೆ ಕೆಲವು ಗುರುತುಗಳಿವೆ: ಕ್ರೆಡಿಟ್ ಕಾರ್ಡ್ ತೆಗೆದುಕೊಳ್ಳುವ ಸೈಟು (ಬ್ರಿಟನ್ನಿನಲ್ಲಿ 2020ರ ಏಪ್ರಿಲ್ 14ರಿಂದ ಅದು ನಿಷಿದ್ಧ), ಆಟೋಪ್ಲೇ ಇಟ್ಟಿರುವ ಸೈಟು, ಪಣದ ನೂರು ಪಟ್ಟು ಕೊಟ್ಟು ಫ್ರೀ ಸ್ಪಿನ್ (ಆಟದ ಮಧ್ಯೆ ಪಣವಿಲ್ಲದೆ ಸಿಗುವ ಸ್ಪಿನ್) ಖರೀದಿಸಿ ಎನ್ನುವ ಸೈಟು, ಇವು ಯಾವುವೂ ಅಲ್ಲಿನ ಪರವಾನಗಿಯ ಕೆಳಗೆ ಬರುವಂಥವಲ್ಲ. ಮುಚ್ಚಿ ಎದ್ದುಬಿಡಬೇಕು.

ಆಮೇಲೆ ಡಿಪಾಸಿಟ್ ಲಿಮಿಟ್, ಅಂದರೆ ಆಟದ ಖಾತೆಗೆ ಹಾಕುವ ದುಡ್ಡಿಗೆ ನಾವೇ ಇಡುವ ಮಿತಿ. ದಿನಕ್ಕೆ 20, ತಿಂಗಳಿಗೆ 80, ಎರಡನ್ನೂ ಹಾಕಬೇಕು. ದಿನದ್ದು ಮಾತ್ರ ಹಾಕಿದರೆ ಶನಿವಾರ ಇನ್ನೊಂದು 20, ಭಾನುವಾರ ಮತ್ತೊಂದು, ತಿಂಗಳಿಗೆ 600ರವರೆಗೂ ಬಾಗಿಲು ತೆರೆದೇ ಇರುತ್ತದೆ. ಲಿಮಿಟ್ ಇಳಿಸಿದರೆ ತಕ್ಷಣ ಜಾರಿ, ಏರಿಸಬೇಕಾದರೆ 24 ಗಂಟೆ ಕಾಯಬೇಕು. ಆ ಕಾಯುವಿಕೆಯೇ ಅದರ ಉಪಯೋಗ: ಸೋತ ಬಿಸಿಯಲ್ಲಿ ಕೇಳಿದ್ದು ಮಾರನೇ ದಿನ ಬೇಕೆನಿಸುವುದಿಲ್ಲ. ಸಂಬಳ ಬೀಳುವ ಖಾತೆಯ ಕಾರ್ಡನ್ನು ಸೈಟಿನಲ್ಲಿ ಉಳಿಸಿಡಬಾರದು. ಬೇರೆ ಬ್ಯಾಂಕಿನ ಸಣ್ಣ ಖಾತೆಯೊಂದಕ್ಕೆ ತಿಂಗಳ ಮೊದಲು 80 ಪೌಂಡು ಹಾಕಿಟ್ಟು, ಆ ಕಾರ್ಡಿನಿಂದ ಮಾತ್ರ ಕಟ್ಟಿದರೆ ತಿಂಗಳ ಕೊನೆಗೆ ಲೆಕ್ಕವೂ ಅಲ್ಲೇ ಸಿಗುತ್ತದೆ. ರಿಯಾಲಿಟಿ ಚೆಕ್ ಎಂಬ ನೆನಪೋಲೆಯನ್ನು 20 ನಿಮಿಷಕ್ಕೆ ಇಡಿ. ಎಷ್ಟು ಹೊತ್ತಾಯಿತು ಎಂದು ಪರದೆಯ ಮೇಲೆ ಬಂದು ಹೇಳುತ್ತದೆ.

ಆಟದ ಆಯ್ಕೆಯಲ್ಲಿ ಎರಡು ವಿಷಯ. ಒಂದೇ ಹೆಸರಿನ, ಒಂದೇ ಚಿತ್ರದ ಆಟ ಬೇರೆ ಬೇರೆ ಸೈಟಿನಲ್ಲಿ ಬೇರೆ ಆರ್‌ಟಿಪಿಯಲ್ಲಿ ಇರಬಹುದು. ತಯಾರಿಸಿದ ಕಂಪನಿಯೇ 96, 94, 92 ಎಂದು ಹಲವು ಆವೃತ್ತಿ ಕೊಟ್ಟಿರುತ್ತದೆ, ಯಾವುದನ್ನು ಹಾಕಬೇಕೆಂಬುದು ಸೈಟಿನವರ ಇಷ್ಟ. ಆಟದೊಳಗಿನ ಮಾಹಿತಿ ಪುಟವನ್ನು ಕೊನೆಯವರೆಗೂ ಸರಿಸಿದರೆ ಆ ಅಂಕಿ ಸಿಗುತ್ತದೆ. 96ರ ಬದಲು 92 ಇದ್ದರೆ ನಮ್ಮ ಗಂಟೆಯ ಬೆಲೆ 4.80ರಿಂದ 9.60ಕ್ಕೆ, ಸರಿಯಾಗಿ ಎರಡರಷ್ಟು. ಕಣ್ಣಿಗೆ ಮಾತ್ರ ಏನೂ ವ್ಯತ್ಯಾಸ ಕಾಣುವುದಿಲ್ಲ.

ಎರಡನೆಯದು ವೊಲಟಿಲಿಟಿ, ಏರಿಳಿತ. ಇದು ಹೆಚ್ಚಿರುವ ಆಟ ಬಹಳ ಹೊತ್ತು ಒಣಗಿಸಿ, ಅಪರೂಪಕ್ಕೊಮ್ಮೆ ದೊಡ್ಡದು ಕೊಡುತ್ತದೆ. ಪಣದ 5,000 ಪಟ್ಟು ಗೆಲ್ಲಬಹುದು ಎಂದು ಮುಖಪುಟದಲ್ಲೇ ಬರೆದುಕೊಂಡಿರುವ ಆಟಕ್ಕೆ 100 ಪಣದ ಗಂಟು ಹಿಡಿದು ಹೋದರೆ ಅದು ಗಂಟೆ ತುಂಬುವ ಮೊದಲೇ ಮುಗಿದುಹೋಗಬಹುದು. ನಮ್ಮ 20 ಪೌಂಡು ಅಂದರೆ 20 ಪೆನ್ಸಿನ 100 ಪಣ. ಒಂದು ಗಂಟೆ ಉಳಿಯಬೇಕಾದರೆ ಏರಿಳಿತ ಕಮ್ಮಿಯಿರುವ ಆಟ ಬೇಕು, ಇಲ್ಲವೇ ಪಣ 10 ಪೆನ್ಸಿಗೆ ಇಳಿಸಿ ಗಂಟನ್ನು 200 ಪಣ ಮಾಡಿಕೊಳ್ಳಬೇಕು.

ಬೋನಸ್, ಅಂದರೆ ಆಡಲೆಂದು ಸೈಟೇ ಕೊಡುವ ದುಡ್ಡು, ಬೇಕೇ ಎಂದು ಪರದೆ ಕೇಳುತ್ತದೆ. 20 ಪೌಂಡಿನ ಬೋನಸ್ಸಿಗೆ 35 ಪಟ್ಟು ಉರುಳಿಸಬೇಕೆಂಬ ಷರತ್ತಿದ್ದರೆ 700 ಪೌಂಡಿನ ಆಟ, ಅದರ ಶೇಕಡಾ 4 ಅಂದರೆ 28. ಇಪ್ಪತ್ತು ಕೊಟ್ಟು ಇಪ್ಪತ್ತೆಂಟು ಕೇಳುವ ಉಡುಗೊರೆ. ಬ್ರಿಟನ್ನಿನಲ್ಲಿ 2026ರ ಜನವರಿ 19ರಿಂದ ಈ ಷರತ್ತು 10 ಪಟ್ಟು ಮೀರುವಂತಿಲ್ಲ. ಈಗ 200 ಪೌಂಡಿನ ಆಟ, ಬೆಲೆ 8. ಕಾಗದದ ಮೇಲೆ ಲಾಭವೇ. ಆದರೂ ಒಂದು ಗಂಟೆಯಲ್ಲಿ 120 ಉರುಳಿಸುವವರನ್ನು 200ಕ್ಕೆ ಎಳೆಯುತ್ತದೆ ಎಂಬುದನ್ನು ಮರೆಯಬಾರದು. ಈ ಸಂಜೆಗೆ ಬೇಡ.

ಏಳು ಗಂಟೆ. ಮೊದಲ ಹತ್ತು ನಿಮಿಷ, 100 ಸ್ಪಿನ್, ಉಳಿದದ್ದು 15.60. ಏಳೂ ಇಪ್ಪತ್ತೆರಡಕ್ಕೆ 9.80. ಈ ಹೊತ್ತಿಗೆ ತಲೆಯೊಳಗೆ ಮಾತು ಶುರುವಾಗುತ್ತದೆ: ಹತ್ತು ಸ್ಪಿನ್ ಸತತ ಖಾಲಿ, ಮೆಷಿನ್ ಬಿಗಿಯಾಗಿದೆ, ಅಥವಾ ಅದರ ತಿರುಗುಮುರುಗು, ಇಷ್ಟು ತಿಂದಿದೆ, ಇನ್ನೇನು ಕೊಡುತ್ತದೆ. ಎರಡೂ ಸುಳ್ಳು. ಸರಾಸರಿ ನಾಲ್ಕು ಸ್ಪಿನ್ನಿಗೆ ಒಂದು ಏನಾದರೂ ಕೊಡುವ ಆಟದಲ್ಲಿ, 600 ಸ್ಪಿನ್ನಿನೊಳಗೆ ಹತ್ತು ಅಥವಾ ಹೆಚ್ಚು ಸತತ ಖಾಲಿ ಬರುವುದು ಸುಮಾರು ಎಂಟು ಸಲ. ಇಪ್ಪತ್ತು ಸತತ ಖಾಲಿ ಕೂಡ ಎರಡು ಸಂಜೆಗೆ ಒಮ್ಮೆ. ಪ್ರತಿ ಸ್ಪಿನ್ನೂ ಹೊಸ ಯಾದೃಚ್ಛಿಕ ಸಂಖ್ಯೆ. ಹಿಂದಿನದ್ದು ಅದಕ್ಕೆ ನೆನಪಿರುವುದಿಲ್ಲ.

ಕೊಟ್ಟಂತೆ ಕಾಣುವುದನ್ನೂ ನಂಬಬಾರದು. 20 ಪೆನ್ಸ್ ಕಟ್ಟಿ 8 ಪೆನ್ಸ್ ಬಂದರೆ ಅದು 12 ಪೆನ್ಸ್ ಸೋಲು. ಕಟ್ಟಿದ್ದಕ್ಕಿಂತ ಹೆಚ್ಚು ಬಾರದಿದ್ದಾಗ ಬ್ರಿಟನ್ನಿನಲ್ಲಿ ಗಂಟೆ ಬಾರಿಸಿ ಸಂಭ್ರಮ ಮಾಡುವಂತಿಲ್ಲ. ಬೇರೆಡೆಯ ಆಟಗಳು ಅದಕ್ಕೂ ಝಣಝಣ ಅನ್ನುತ್ತವೆ. ಇನ್ನು ಬೇಕಾದ ಚಿತ್ರ ಗೆಲುವಿನ ಗೆರೆಗಿಂತ ಒಂದು ಮನೆ ಮೇಲೋ, ಒಂದು ಮನೆ ಕೆಳಗೋ ಬಂದು ನಿಲ್ಲುವುದಿದೆಯಲ್ಲ, ಅದರ ಚರಿತ್ರೆಯೇ ಸ್ವಾರಸ್ಯವಾದದ್ದು. ಹಳೇ ಯಂತ್ರದ ಮೂರು ಚಕ್ರದಲ್ಲಿ ತಲಾ ಹತ್ತು ಚಿತ್ರವಿದ್ದರೆ ಒಟ್ಟು ಸಾವಿರ ಜೋಡಣೆ ಸಾಧ್ಯ, ಕಣ್ಣಿಗೆ ಕಂಡದ್ದೇ ಲೆಕ್ಕ. 1984ರಲ್ಲಿ ಇಂಗೆ ತೆಲ್ನೆಸ್ ಎಂಬವರಿಗೆ ಅಮೆರಿಕದಲ್ಲಿ ಸಿಕ್ಕ ಪೇಟೆಂಟು ಚಕ್ರವನ್ನೂ ಸಾಧ್ಯತೆಯನ್ನೂ ಬೇರೆ ಮಾಡಿತು. ಚಕ್ರ ಎಲ್ಲಿ ನಿಲ್ಲಬೇಕೆಂದು ಕಂಪ್ಯೂಟರಿನ ಸಂಖ್ಯೆ ನಿರ್ಧರಿಸುತ್ತದೆ, ಚಕ್ರ ಅದನ್ನು ತೋರಿಸುತ್ತದೆ ಅಷ್ಟೇ. ಫೋನಿನ ಮೇಲೆ ಚಕ್ರವೂ ಚಿತ್ರವೇ. ‘ಕೂದಲೆಳೆಯಲ್ಲಿ ತಪ್ಪಿತು’ ಅನ್ನುವುದಕ್ಕೆ ಅಲ್ಲಿ ಅರ್ಥವಿಲ್ಲ, ತಪ್ಪಿದ್ದು ತಪ್ಪಿದ್ದೇ.

ಇಲ್ಲೇ ಕೆಲವರು ಸೋತಾಗಲೆಲ್ಲ ಪಣ ಇಮ್ಮಡಿ ಮಾಡುವ ಉಪಾಯ ತೆಗೆಯುತ್ತಾರೆ. 20, 40, 80 ಪೆನ್ಸ್, 1.60, 3.20: ಐದು ಸೋಲಿಗೆ 6 ಪೌಂಡು 20 ಪೆನ್ಸ್ ಹೋಯಿತು. ಆರನೆಯದು 6.40 ಆಗಬೇಕು, ಮಿತಿ 5, ಉಪಾಯ ಅಲ್ಲಿಗೆ ನಿಂತಿತು. ನಾಲ್ಕಕ್ಕೊಂದು ಕೊಡುವ ಆಟದಲ್ಲಿ ಐದು ಸತತ ಖಾಲಿ ಬರುವ ಸಾಧ್ಯತೆ ಹೆಚ್ಚುಕಡಿಮೆ ಶೇಕಡಾ 24. ಮೇಲಾಗಿ ಸ್ಲಾಟಿನ ಗೆಲುವು ಪಣಕ್ಕಿಂತ ಕಮ್ಮಿಯೂ ಇರಬಹುದಾದ್ದರಿಂದ, ಗೆದ್ದರೂ ಹೋದದ್ದು ಬಂತು ಅಂತೇನಿಲ್ಲ.

ಏಳೂವರೆ ದಾಟುವಾಗ, 8.40ಕ್ಕೆ ಇಳಿದಿದ್ದ ಮೊತ್ತಕ್ಕೆ ಫ್ರೀ ಸ್ಪಿನ್ನುಗಳು 13.20 ತಂದವು. ಈಗ 21.60. ಸೋಲಿಗಿಂತ ಅಪಾಯದ ಗಳಿಗೆ ಇದು, ಬಂದದ್ದು ಸೈಟಿನವರ ದುಡ್ಡು ಎಂಬ ಧೈರ್ಯದಲ್ಲಿ ಬೆರಳು ಪಣದ ಮೇಲಿನ ಪ್ಲಸ್ ಗುರುತಿಗೆ ಹೋಗುತ್ತದೆ. ಉಳಿದ 29 ನಿಮಿಷಕ್ಕೆ 290 ಸ್ಪಿನ್. 20 ಪೆನ್ಸಿನಲ್ಲೇ ಇದ್ದರೆ ಬೆಲೆ 2.32, 60ಕ್ಕೆ ಏರಿಸಿದರೆ 6.96. ಪಣ ಏರಿಸುವುದಿಲ್ಲ ಎಂದು ಏಳಕ್ಕೆ ಮುಂಚೆಯೇ ಕಾಗದದ ಮೇಲೆ ಬರೆದಿಟ್ಟವರಿಗೆ ಮಾತ್ರ ಈ ಗಳಿಗೆ ಸಲೀಸು.

ಇದೇ ಸಂಜೆ ಏಳೂ ಇಪ್ಪತ್ತೈದಕ್ಕೇ 20 ಪೌಂಡೂ ಮುಗಿದಿದ್ದರೆ? ಉಳಿದ ಸಮಯ ಉಳಿದೇ ಹೋಗುತ್ತದೆ, ಅಷ್ಟೇ. ಹೋದದ್ದನ್ನು ಹಿಡಿಯಲು ಬೇರೆ ಸೈಟಿನಲ್ಲಿ ಖಾತೆ ತೆರೆಯುವ ಮನಸ್ಸು ಬಂದರೆ, ಲಿಮಿಟ್ ಏರಿಸಲು ಹೊರಟರೆ, ಮನೆಯವರಿಂದ ಮುಚ್ಚಿಡುವಂತಾದರೆ, ಇಲ್ಲಿನ ಯಾವ ಲೆಕ್ಕವೂ ಕೆಲಸಕ್ಕೆ ಬಾರದು. ಅದಕ್ಕೆ ಗ್ಯಾಮ್‌ಸ್ಟಾಪ್ ಇದೆ. ಒಮ್ಮೆ ನೋಂದಾಯಿಸಿದರೆ ಬ್ರಿಟನ್ನಿನ ಪರವಾನಗಿಯ ಆನ್‌ಲೈನ್ ಸೈಟುಗಳೆಲ್ಲ ಆರು ತಿಂಗಳು, ಒಂದು ವರ್ಷ ಅಥವಾ ಐದು ವರ್ಷ ಮುಚ್ಚುತ್ತವೆ, ಆರಿಸಿಕೊಂಡ ಅವಧಿ ಮುಗಿಯುವ ಮುನ್ನ ತೆರೆಸಲಾಗದು. ಜೊತೆಗೆ ಬ್ಯಾಂಕಿನ ಆಪ್‌ನಲ್ಲಿರುವ ಜೂಜಿನ ತಡೆಯನ್ನೂ ಹಾಕಬೇಕು. ‘ಗ್ಯಾಮ್‌ಸ್ಟಾಪ್‌ನಲ್ಲಿ ಇಲ್ಲದ ಸೈಟು’ ಎಂದೇ ಜಾಹೀರಾತು ಕೊಡುವವರಿದ್ದಾರೆ. ಗಾಯಕ್ಕೆ ನೊಣ ಹುಡುಕಿಕೊಂಡು ಬರುವ ಹಾಗೆ.

ಎಂಟು ಗಂಟೆಗೆ 16.40 ಉಳಿದಿದೆ. ಒಳ್ಳೆಯ ಕಡೆಗೆ ವಾಲಿದ ಸಂಜೆ, ಸರಾಸರಿಗಿಂತ 1.20 ಕಮ್ಮಿ ಖರ್ಚು. ಅಷ್ಟನ್ನೂ ತಕ್ಷಣ ಬ್ಯಾಂಕಿಗೆ ವಾಪಸ್ ಕಳಿಸಬೇಕು, ಮುಂದಿನ ವಾರಕ್ಕೆಂದು ಅಲ್ಲೇ ಬಿಡಬಾರದು: ಅಲ್ಲಿ ಉಳಿದ ಬಾಕಿಗೆ ಡಿಪಾಸಿಟ್ ಲಿಮಿಟ್ ತಾಗುವುದಿಲ್ಲ. ಒಮ್ಮೆ ಕಳಿಸಲು ಒತ್ತಿದ ದುಡ್ಡನ್ನು ಮನಸ್ಸು ಬದಲಿಸಿ ಆಟಕ್ಕೆ ಎಳೆದುಕೊಳ್ಳುವ ಬಟನ್ ಇಡುವುದನ್ನೂ 2021ರ ನಿಯಮವೇ ತೆಗೆದುಹಾಕಿದೆ. ಗೆದ್ದರೂ ಆಡಿದವರಿಗೆ ಅಲ್ಲಿ ತೆರಿಗೆಯಿಲ್ಲ.

ಆಮೇಲೆ ಲೆಕ್ಕದ ಪುಸ್ತಕದಲ್ಲಿ ಒಂದು ಸಾಲು ಬರೆಯುವುದು. ತಾರೀಖು, ಹಾಕಿದ್ದು 20, ತೆಗೆದದ್ದು 16.40, ಪಣ 20 ಪೆನ್ಸ್, 60 ನಿಮಿಷ, ಆಟದ ಆರ್‌ಟಿಪಿ. ಕೊನೆಯ ಕಾಲಂನಲ್ಲಿ ಈ ತಿಂಗಳ ಒಟ್ಟು ವ್ಯತ್ಯಾಸ, ಮೈನಸ್ಸೋ ಪ್ಲಸ್ಸೋ ಇದ್ದದ್ದು ಇದ್ದ ಹಾಗೆ. ಮುಂದಿನ ಶುಕ್ರವಾರ ಏಳಕ್ಕೆ ಹತ್ತು ನಿಮಿಷ ಇರುವಾಗ, ಸೈಟು ತೆರೆಯುವ ಮೊದಲು ತೆರೆಯಬೇಕಾದದ್ದು ಈ ಪುಸ್ತಕ.