ಇಳಿಯುವಾಗ ನೊಂದ ಮಂಡಿ

ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ದಿನಕ್ಕೆ 3 ಕಿಲೋಮೀಟರ್ ಓಡುತ್ತಿದ್ದ ನಾನು, ಒಂದೇ ವಾರದಲ್ಲಿ ಅದನ್ನು 8ಕ್ಕೆ ಏರಿಸಿದ್ದಲ್ಲದೆ, ಆ ಭಾನುವಾರವೇ ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನೂ ಹತ್ತಿಳಿದೆ. ಹತ್ತುವಾಗ ಏನೂ ಅನ್ನಿಸಲಿಲ್ಲ. ಇಳಿಯುವಾಗ, ದೊಡ್ಡ ನಂದಿಯನ್ನು ದಾಟಿದ ಮೇಲೆ, ಬಲಮಂಡಿಯ ಚಿಪ್ಪಿನ ಹಿಂದೆ ಸೂಜಿ ಚುಚ್ಚಿದಂತಾಗಿ, ಪ್ರತಿ ಮೆಟ್ಟಿಲಿಗೂ ಬಲಗಾಲನ್ನೇ ಮೊದಲು ಕೆಳಗಿಟ್ಟು, ಎಡಗಾಲನ್ನು ಅದರ ಪಕ್ಕಕ್ಕೆ ತಂದುಕೊಂಡು ಇಳಿಯಬೇಕಾಯಿತು.

ಮಂಡಿಚಿಪ್ಪು ತೊಡೆಮೂಳೆಯ ತೋಡಿನಲ್ಲಿ ಜಾರುತ್ತಿರುತ್ತದೆ. ಮಡಚಿದ ಮಂಡಿಯ ಮೇಲೆ ಭಾರ ಬಿದ್ದಾಗ ಅದು ಮೂಳೆಗೆ ಬಲವಾಗಿ ಒತ್ತುತ್ತದೆ. ತೊಡೆ ಮತ್ತು ಸೊಂಟದ ಸ್ನಾಯುಗಳು ಸಿದ್ಧವಾಗುವ ಮೊದಲೇ ದೂರವನ್ನು ಹೆಚ್ಚಿಸಿದರೆ ನೋವು ಸಹಜ. ಓಟಗಾರರಲ್ಲಿ ಇದು ಬಹಳ ಸಾಮಾನ್ಯವೆಂದು ವೈದ್ಯರು ವಿವರಿಸಿದರು. ಪೂರ್ತಿ ವಿಶ್ರಾಂತಿಯನ್ನು ಅವರು ಹೇಳಲಿಲ್ಲ, ಅದೇ ನನಗೆ ದೊಡ್ಡ ಸಮಾಧಾನ. ಮೊದಲ ಕೆಲವು ದಿನ ಓಟ ನಿಲ್ಲಿಸಿ, ಟವೆಲಿನಲ್ಲಿ ಸುತ್ತಿದ ಐಸನ್ನು 15 ನಿಮಿಷ ಇಟ್ಟುಕೊಂಡೆ. ಆಮೇಲೆ ಚಾಪೆಯ ಮೇಲೆ ಮಲಗಿ, ಮಂಡಿ ಮಡಚದೆ ಕಾಲನ್ನು ಒಂದಡಿ ಎತ್ತಿ ನಿಧಾನವಾಗಿ ಇಳಿಸುವ ವ್ಯಾಯಾಮವನ್ನು ದಿನವೂ ಮಾಡಿದೆ. ಮಂಡಿ ಊದಿಕೊಂಡರೆ, ಸಿಕ್ಕಿಕೊಂಡಂತಾದರೆ, ಅಥವಾ ಕಾಲೂರಲು ಆಗದಿದ್ದರೆ ಮಾತ್ರ ದಯವಿಟ್ಟು ಮನೆಮದ್ದಿನಲ್ಲಿ ದಿನ ಕಳೆಯಬೇಡಿ.

ಈಗ ದಿನ ಬಿಟ್ಟು ದಿನ 2 ಕಿಲೋಮೀಟರ್ ಓಡುತ್ತೇನೆ. ಬೆಟ್ಟವನ್ನು ಹತ್ತುವುದು ಕಾಲ್ನಡಿಗೆಯಲ್ಲಿ, ಇಳಿಯುವುದು ಸಿಟಿ ಬಸ್ಸಿನಲ್ಲಿ.