ನಾಲ್ಕು ಅಡಿಯ ತಕರಾರು

ಧಾರವಾಡ, 12 ಅಕ್ಟೋಬರ್ 2025, ಭಾನುವಾರ

ಇಂದು ಬೆಳಿಗ್ಗೆ ಮನೆಯ ಅಂಗಳದಲ್ಲಿ ರಂಗೋಲಿ ಪುಡಿಯಿಂದ ಎರಡು ವ್ಯಾನುಗಳನ್ನು ಬರೆದೆವು. ಒಂದು ಸುಮಾರು 19 ಅಡಿ ಉದ್ದದ್ದು, ಇನ್ನೊಂದು 23 ಅಡಿಯದು. ಅಳತೆ ಪಟ್ಟಿಯ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ಮನೆಯಾಕೆಯ ಕೈಯಲ್ಲಿ; ಗೆರೆ ಎಳೆಯುವ ಕೆಲಸ ಮಾತ್ರ ಪೂರ್ತಿ ಅವಳದಾಯಿತು, ಏಕೆಂದರೆ ನಾನು ಎಳೆದ ಮೊದಲ ಗೆರೆಯ ಪ್ರಕಾರ ವ್ಯಾನು ಬಾಳೆಹಣ್ಣಿನಂತೆ ಬಾಗಿತ್ತು. ಉದ್ದನೆಯ ವ್ಯಾನಿನ ಬಾಲ ತುಳಸಿಕಟ್ಟೆಯನ್ನು ಹಾದು ಗೇಟಿನಾಚೆ ಒಂದು ಗೇಣು ಚಾಚಿತು. ಹಾಲು ಹಾಕುವ ಹುಡುಗ ಸೈಕಲ್ ನಿಲ್ಲಿಸಿ, "ದೀಪಾವಳಿ ಇನ್ನೂ ವಾರ ಐತಲ್ರಿ ಸರ" ಎಂದ.

ನಿವೃತ್ತಿಯಾದ ಮೇಲೆ ಒಂದು ಮೋಟಾರ್‌ಹೋಮ್, ಅಂದರೆ ಒಳಗೇ ಮಂಚ, ಒಲೆ, ಶೌಚಾಲಯ ಇರುವ ಗಾಡಿ-ಮನೆ, ಮಾಡಿಸಿಕೊಂಡು ತಿರುಗಬೇಕೆಂಬುದು ನಮ್ಮಿಬ್ಬರ ಎರಡು ವರ್ಷಗಳ ಮಾತು. ಕೊಳ್ಳಬೇಕೋ ಬೇಡವೋ ಎಂಬ ಚರ್ಚೆ ಮುಗಿದಿದೆ. ಉಳಿದಿರುವುದು ಉದ್ದದ ಪ್ರಶ್ನೆ. ನಿನ್ನೆ ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆ, ವಾಹನಗಳಿಗೆ ಬಾಡಿ ಕಟ್ಟುವ ಗ್ಯಾರೇಜೊಂದಕ್ಕೆ ಹೋಗಿದ್ದೆವು. ಅಲ್ಲಿ ನಮಗೆ ತೋರಿಸಿದ್ದು ಫೋರ್ಸ್ ಟ್ರಾವೆಲರ್ ವಾಹನದ ಎರಡು ಅಳತೆಗಳನ್ನು, 3350 ಮತ್ತು 4020. ಈ ಅಂಕಿಗಳು ವಾಹನದ ಒಟ್ಟು ಉದ್ದವಲ್ಲ, ಮುಂದಿನ ಗಾಲಿಯ ನಡುವಿನಿಂದ ಹಿಂದಿನ ಗಾಲಿಯ ನಡುವಿನವರೆಗೆ ಇರುವ ದೂರ, ಅಂದರೆ ವೀಲ್‌ಬೇಸ್, ಅದೂ ಮಿಲಿಮೀಟರಿನಲ್ಲಿ. ಇದು ತಿಳಿಯದೆ ನಾನು ಒಂದು ವಾರ ನಾಲ್ಕು ಮೀಟರಿನ ವ್ಯಾನಿನಲ್ಲಿ ಮಂಚ, ಒಲೆ, ಶೌಚಾಲಯ ಎಲ್ಲವನ್ನೂ ತುರುಕುವ ನಕ್ಷೆ ಬರೆಯುತ್ತ ಕುಳಿತಿದ್ದೆ. ಮೇಸ್ತ್ರಿ ನನ್ನ ನಕ್ಷೆಯನ್ನು ನೋಡಿ ನಗಲಿಲ್ಲ, ಅದು ಅವರ ದೊಡ್ಡತನ. ಆದರೆ ಸಲಹೆ ಕೇಳಿದಾಗ ಒಂದೇ ಮಾತು: "ದೊಡ್ಡದ ತಗೋರಿ ಸರ. ಸಣ್ಣದ ತಗೊಂಡು, ಆಮ್ಯಾಲೆ ಸಾಲೂದಿಲ್ಲಂದ್ರ ಎಳದು ಉದ್ದ ಮಾಡಾಕ ಬರೂದಿಲ್ಲ."

ಮಾತು ನ್ಯಾಯವಾದದ್ದೇ. ಬಾನೆಟ್ಟು, ಚಾಲಕನ ಆಸನ ಇವುಗಳಿಗೆ ಏಳು ಅಡಿ ಬಿಟ್ಟರೆ ಸಣ್ಣದರಲ್ಲಿ ಸಂಸಾರಕ್ಕೆ ಉಳಿಯುವುದು 12 ಅಡಿ, ದೊಡ್ಡದರಲ್ಲಿ 16 ಅಡಿ. ಗೋಡೆಗೆ ಶಾಖನಿರೋಧಕ ಹಾಳೆ, ಅದರ ಮೇಲೆ ಪ್ಲೈವುಡ್ ಹೊಡೆದ ಮೇಲೆ ಒಳಗಿನ ಅಗಲ ಐದೂವರೆ ಅಡಿಗಿಂತ ಚೂರು ಹೆಚ್ಚು ಉಳಿಯುತ್ತದೆ. ಆದ್ದರಿಂದ ನನ್ನಂಥ ಐದು ಅಡಿ ಒಂಬತ್ತು ಇಂಚಿನವನು ಅಡ್ಡಡ್ಡ ಮಲಗಲಾರ, ಮಂಚವನ್ನು ಉದ್ದುದ್ದಕ್ಕೇ ಹಾಕಬೇಕು, ಹಾಗೆ ಹಾಕಿದೊಡನೆ ಸಣ್ಣ ವ್ಯಾನಿನ ಅರ್ಧಕ್ಕಿಂತ ಹೆಚ್ಚು ಉದ್ದ ಒಂದು ಬದಿಯಲ್ಲಿ ಹಾಸಿಗೆಗೇ ಹೋಗುತ್ತದೆ. ಇದಕ್ಕೆ ಎಲ್ಲರೂ ಹೇಳುವ ಉಪಾಯ ಮಡಚುವ ಮಂಚ: ಹಗಲು ಎದುರುಬದುರು ಎರಡು ಆಸನ, ನಡುವೆ ಮೇಜು, ರಾತ್ರಿ ಮೇಜನ್ನು ಕೆಳಗಿಳಿಸಿ, ದಿಂಬುಗಳನ್ನು ಜೋಡಿಸಿದರೆ ಹಾಸಿಗೆ. ಕಾಗದದ ಮೇಲೆ ಇದು ಬಹಳ ಚೆಂದ. ಆದರೆ ದಿನವೂ ಎಂಟು ಗಂಟೆಯ ಪ್ರಯಾಣ ಮುಗಿಸಿ, ಸೊಂಟ ಹಿಡಿದುಕೊಂಡಿರುವಾಗ, ಮೇಜಿನ ಮೇಲಿನ ಔಷಧಿ, ಕನ್ನಡಕ, ಅವಲಕ್ಕಿ ಡಬ್ಬಿ ಎಲ್ಲವನ್ನೂ ಎತ್ತಿಟ್ಟು ಮಂಚ ಕಟ್ಟುವುದು, ಬೆಳಿಗ್ಗೆ ಚಹಾಕ್ಕೆ ಮೊದಲು ಅದನ್ನು ಬಿಚ್ಚುವುದು ಅರವತ್ತು ದಾಟಿದವರಿಗೆ ಹೇಳಿದ ಕೆಲಸವಲ್ಲ. ದೊಡ್ಡ ವ್ಯಾನಿನ ಆ ಹೆಚ್ಚಿನ ನಾಲ್ಕು ಅಡಿ ನಿಜವಾಗಿ ಕೊಡುವುದು ವೈಭವವನ್ನಲ್ಲ, ಹಾಸಿದ ಹಾಸಿಗೆ ಹಾಸಿದಂತೆಯೇ ಇರುವ ಸುಖವನ್ನು. ಇಷ್ಟಕ್ಕೇ ನಾನು ನಿನ್ನೆ ಸಂಜೆಯವರೆಗೂ ದೊಡ್ಡದರ ಪಕ್ಷದಲ್ಲಿದ್ದೆ.

ಪಕ್ಷಾಂತರಕ್ಕೆ ಮೊದಲ ಕಾರಣ ಬಾಲ. ವೀಲ್‌ಬೇಸ್ ಉದ್ದವಾದಂತೆ ತಿರುವಿನಲ್ಲಿ ಹಿಂದಿನ ಗಾಲಿ ಮುಂದಿನ ಗಾಲಿಯ ಜಾಡನ್ನು ಬಿಟ್ಟು ಹೆಚ್ಚು ಒಳಗೆ ಸರಿಯುತ್ತದೆ; ಅದೇ ಹೊತ್ತಿಗೆ ಹಿಂದಿನ ಗಾಲಿಯಾಚೆ ಚಾಚಿದ ಭಾಗ ಎದುರು ಬದಿಗೆ ಬೀಸುತ್ತದೆ. ಆ ಚಾಚು ವೀಲ್‌ಬೇಸಿನ ಶೇ 60ನ್ನು ಮೀರಬಾರದೆಂದು ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. 4020ಕ್ಕೆ ಲೆಕ್ಕ ಹಾಕಿದರೆ 2412 ಮಿಲಿಮೀಟರ್, ಹೆಚ್ಚುಕಡಿಮೆ ಎಂಟು ಅಡಿಯ ತನಕ ಅವಕಾಶವಿದೆ. ಹಿಂದೆ ಸೈಕಲ್ ಸ್ಟ್ಯಾಂಡು, ಏಣಿ, ಸಾಮಾನಿನ ಪೆಟ್ಟಿಗೆ ಎಂದು ಸೇರಿಸುವವರು ಈ ಬಾಲವನ್ನು ಬೆಳೆಸುತ್ತಲೇ ಹೋಗುತ್ತಾರೆ. ಅಂಕೋಲೆಗೆ ಇಳಿಯುವ ಅರಬೈಲ್ ಘಟ್ಟದಲ್ಲಿ ಲಾರಿಗಳ ಸಾಲಿನ ನಡುವೆ, ಅಥವಾ ಶಿರಸಿಯಿಂದ ಕುಮಟೆಗೆ ಹೋಗುವ ದೇವಿಮನೆ ಘಟ್ಟದ ಹಸಿ ತಿರುವುಗಳಲ್ಲಿ ಒಳಗಾಲಿ ಗಟಾರಿಗೆ ಇಳಿಯಿತೋ ಎಂದು ಕನ್ನಡಿಯಲ್ಲಿ ಇಣುಕುತ್ತ ಹೋಗುವ ಪ್ರವಾಸ ನನಗೆ ಬೇಕೇ? ಬಸ್ಸುಗಳು ಹೋಗುತ್ತವೆ, ನಿಜ. ಆದರೆ ಅವುಗಳ ಚಾಲಕರಿಗೆ ಅದು ನಿತ್ಯದ ಕೆಲಸ, ನಾನು ಇಷ್ಟು ವರ್ಷ ಓಡಿಸಿದ್ದು ಆಲ್ಟೊ.

ಇನ್ನು ಊರುಗಳೊಳಗಿನ ಓಣಿ. ನಮ್ಮ ಮಾಳಮಡ್ಡಿಯ ಓಣಿಯಲ್ಲೇ ಎದುರುಮನೆಯವರ ಕಾರು ನಿಂತಿದ್ದರೆ ಗ್ಯಾಸ್ ಗಾಡಿ ರಿವರ್ಸ್ ಹೋಗಬೇಕು. ಗದಗದಿಂದ ಹನ್ನೊಂದು-ಹನ್ನೆರಡು ಕಿಲೋಮೀಟರ್ ದೂರದ ಲಕ್ಕುಂಡಿಯಲ್ಲಿ ಗುಡಿಗಳೂ ಬಾವಿಗಳೂ ಮನೆಗಳ ನಡುವೆಯೇ ಇವೆ. ಅಲ್ಲಿ ದೊಡ್ಡ ವ್ಯಾನನ್ನು ಹೆದ್ದಾರಿಯ ಕಡೆ ಬಿಟ್ಟು ನಡೆಯಬೇಕು. ಲಕ್ಕುಂಡಿಯನ್ನು ನಡೆದೇ ನೋಡಬೇಕು ಎಂಬುದು ಬೇರೆ ಮಾತು, ಬಿಸಿಲಿನಲ್ಲಿ ನೀರಿನ ಬಾಟಲಿಗಾಗಿ ಮತ್ತೆ ಹೆದ್ದಾರಿಗೆ ಬರುವುದು ಬೇರೆ ಮಾತು.

ಮಗಳು ಅಮೆರಿಕದಲ್ಲಿರುವುದರಿಂದ ಉದ್ದದ ವಾಹನದ ಸುಖವನ್ನೂ ಕಷ್ಟವನ್ನೂ ಒಮ್ಮೆ ಕಂಡಿದ್ದೇವೆ. ಅವಳೂ ಅಳಿಯನೂ 25 ಅಡಿಯ ಮೋಟಾರ್‌ಹೋಮನ್ನು ಬಾಡಿಗೆಗೆ ಹಿಡಿದು ನಮ್ಮನ್ನು ಮೊಂಟಾನಾದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನಕ್ಕೆ ಕರೆದೊಯ್ದಿದ್ದರು. ಅಲ್ಲಿನ ಗೋಯಿಂಗ್-ಟು-ದ-ಸನ್ ರಸ್ತೆ 1933ರಲ್ಲಿ ತೆರೆದದ್ದು, ಬೆಟ್ಟದ ಕಡಿದಾದ ಬದಿಯನ್ನು ಕೊರೆದು ಮಾಡಿದ್ದು. ಅದರ ಮೇಲ್ಭಾಗದಲ್ಲಿ, ಅವಲಾಂಚ್ ಮತ್ತು ರೈಸಿಂಗ್ ಸನ್ ಎಂಬ ಎರಡು ತಾಣಗಳ ನಡುವೆ, ಬಂಪರನ್ನೂ ಸೇರಿಸಿ 21 ಅಡಿಗಿಂತ ಉದ್ದದ ವಾಹನಕ್ಕೆ ಪ್ರವೇಶವಿಲ್ಲ. ನಮ್ಮ ಮನೆ ಕೆಳಗೇ ಉಳಿಯಿತು, ನಾವು ಉದ್ಯಾನದ ಬಸ್ಸಿನಲ್ಲಿ ಮೇಲೆ ಹೋದೆವು. ಅಂದು ಮಗಳು ನಾಲ್ಕು ಅಡಿಯನ್ನು ಬೈದದ್ದು ನನಗೆ ನೆನಪಿದೆ.

ಆದರೂ ಆ ದೇಶದಲ್ಲಿ ಉದ್ದದ ವಾಹನಕ್ಕೆ ಅರ್ಥವಿದೆ. ಬಹಳಷ್ಟು ಕ್ಯಾಂಪ್‌ಗ್ರೌಂಡುಗಳಲ್ಲಿ ವಾಹನದ ಪಕ್ಕದಲ್ಲೇ ನಳ, ವಿದ್ಯುತ್ತಿನ ಕಂಬ, ಕೊಳೆನೀರು ಬಿಡುವ ಕೊಳವೆ ಎಲ್ಲವೂ ಇರುತ್ತವೆ. 35 ಅಡಿಯವರು ಹಿಂದೆ ಒಂದು ಸಣ್ಣ ಕಾರನ್ನೂ ಎಳೆದು ತರುತ್ತಾರೆ. ಮನೆಯನ್ನು ವಾರಗಟ್ಟಲೆ ಒಂದೆಡೆ ನಿಲ್ಲಿಸಿ ಕಾರಿನಲ್ಲಿ ಊರು ಸುತ್ತುತ್ತಾರೆ. ಅಲ್ಲಿ ಉದ್ದ ಎಂದರೆ ನಿಲ್ಲುವುದರ ಸುಖ. ನಾವು ನಿಲ್ಲುವುದು ಪೆಟ್ರೋಲ್ ಪಂಪಿನ ಮೂಲೆಯಲ್ಲಿ, ಧಾಬಾದ ಹಿಂದೆ, ಗುಡಿಯ ಬಯಲಿನಲ್ಲಿ, ಅಥವಾ ನೆಂಟರ ಮನೆಯ ಮುಂದೆ. ನೆಂಟರ ವಿಷಯದಲ್ಲಿ ಮನೆಯಾಕೆಯ ವಾದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ: "ಹಾವೇರಿಗೆ ನಮ್ಮ ತಂಗಿ ಮನೀಗೆ ಹೋದ್ರ ನಿಮ್ಮನ್ನ ಗಾಡ್ಯಾಗ ಮಲಗಾಕ ಬಿಡ್ತಾಳೇನ್ರಿ? ಅಂಗಳದಾಗ ಗಾಡಿ ಹಿಡದ್ರ ಸಾಕು."

ನೆಲದ ವಿಷಯವನ್ನು ಹೇಳಿದವರು ಮೇಸ್ತ್ರಿಯ ಕೈಕೆಳಗಿನ, ನವಲಗುಂದದ ಕಡೆಯ ವೆಲ್ಡರ್. ನವಲಗುಂದ, ನರಗುಂದ, ಗದಗದ ಎರೆ ಭೂಮಿ ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ, ಒಂದು ಅಡ್ಡಮಳೆ ಬಿದ್ದರೆ ಬೆಣ್ಣೆಯಾಗುತ್ತದೆ. ರಸ್ತೆ ಬಿಟ್ಟು ಹೊಲದ ಅಂಚಿಗೆ ಇಳಿಸಿದ ವಾಹನ ರಾತ್ರಿ ಮಳೆಯಾದರೆ ಬೆಳಿಗ್ಗೆ ಟ್ರ್ಯಾಕ್ಟರಿಗೆ ಕಾಯಬೇಕು, ಉದ್ದ ಹಾಗೂ ಭಾರ ಹೆಚ್ಚಿದ್ದರೆ ದೊಡ್ಡ ಟ್ರ್ಯಾಕ್ಟರಿಗೆ ಕಾಯಬೇಕು. ವರದಾ ನದಿ ತುಂಗಭದ್ರೆಯನ್ನು ಕೂಡುವ ಗಳಗನಾಥದಂಥ ಜಾಗಕ್ಕೆ ಹೋಗಿ, ತಿರುಗಿಸಲು ಜಾಗ ಕಾಣದೆ ಕತ್ತಲಲ್ಲಿ ರಿವರ್ಸ್ ಹೋಗುವ ನನ್ನ ಚಿತ್ರವನ್ನು ನಾನೇ ಕಲ್ಪಿಸಿಕೊಂಡು ಬೆವರಿದೆ.

ನೀರು, ವಿದ್ಯುತ್ತಿನ ಲೆಕ್ಕ ಬೇಗ ಮುಗಿಯಿತು. ದೊಡ್ಡದರ ಮಾಡಿನ ಮೇಲೆ ಇನ್ನೊಂದು ಸೌರಫಲಕ ಕೂಡುತ್ತದೆ. ಆದರೆ 12.8 ವೋಲ್ಟಿನ, 200 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿಯಲ್ಲಿ ಇರುವುದೇ ಎರಡೂವರೆ ಯೂನಿಟ್ಟು. ಒಂದು ಟನ್ನಿನ ಎಸಿಯನ್ನು ಬಿಡದೆ ಓಡಿಸಿದರೆ ಎರಡು-ಎರಡೂವರೆ ಗಂಟೆಯ ಮಾತು, ಉದ್ದನೆಯ ಕೋಣೆ ತಣ್ಣಗಾಗುವಷ್ಟರಲ್ಲಿ ಅದರಲ್ಲೊಂದು ಪಾಲು ಹೋಗಿರುತ್ತದೆ. ನೀರು ಲೀಟರಿಗೆ ಒಂದು ಕೆ.ಜಿ. ಭಾರ, 150 ಲೀಟರ್ ಹೊತ್ತರೆ ಇಬ್ಬರು ನೆಂಟರನ್ನು ಕೂರಿಸಿಕೊಂಡಂತೆ. ನಾಲ್ಕೈದು ದಿನಕ್ಕೊಮ್ಮೆ ನಳ ಬರುವುದನ್ನು ಕಂಡು ಬದುಕಿದ ಅವಳಿನಗರದವರಿಗೆ 80 ಲೀಟರಿನಲ್ಲಿ ಎರಡು ದಿನ ಕಳೆಯುವುದನ್ನು ಯಾರೂ ಕಲಿಸಬೇಕಾಗಿಲ್ಲ.

ಕಾನೂನು ಎರಡು ಅಳತೆಗಳಿಗೂ ಭೇದ ಮಾಡುವುದಿಲ್ಲ. ಎರಡರ ಒಟ್ಟು ತೂಕವೂ 7500 ಕೆ.ಜಿ.ಯ ಒಳಗಿರುವುದರಿಂದ ಲಘು ವಾಹನದ ಲೈಸೆನ್ಸು ಸಾಕು. ಕಾನೂನು ಮೋಟಾರ್ ಕ್ಯಾರವಾನ್ ಎಂದು ಕರೆಯುವ ಇಂಥ ಗಾಡಿ-ಮನೆಗೆಂದೇ ಎಐಎಸ್-124 ಎಂಬ ಮಾನದಂಡವಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ಆರ್.ಸಿ.ಯಲ್ಲಿ ಇರುವುದಕ್ಕೆ ವಿರುದ್ಧವಾಗಿ ವಾಹನವನ್ನು ಮನಬಂದಂತೆ ಬದಲಿಸುವಂತಿಲ್ಲ. ಕೆಲಸ ಆರಂಭಿಸುವ ಮೊದಲೇ ಆರ್‌ಟಿಓ ಕಾಗದಪತ್ರದ ಹೊಣೆ ಯಾರದೆಂದು ಬರೆಸಿಕೊಳ್ಳಬೇಕೆಂದು ಡೈರಿಯ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಗುರುತು ಹಾಕಿದ್ದೇನೆ.

ಹೀಗೆ ಸಣ್ಣದರ ಕಡೆಗೆ ತಕ್ಕಡಿ ವಾಲಿದರೂ ಮಡಚುವ ಮಂಚದ ತೊಡಕು ಉಳಿದೇ ಇತ್ತು. ಅದನ್ನು ಬಿಡಿಸಿದ್ದು ಮನೆಯಾಕೆ, ಅಂಗಳದಲ್ಲಿ ನಿಂತು, ಕಾಲಿನಿಂದ ರಂಗೋಲಿಯ ಮೇಜನ್ನು ಅಳಿಸಿ. ಶೌಚಾಲಯವನ್ನು ಬಿಡುವುದಿಲ್ಲ ಎಂದು ಅವಳು ಮೊದಲೇ ಹೇಳಿದ್ದಳು. ಹೆದ್ದಾರಿಯಲ್ಲಿ ಹೆಂಗಸರ ಪಾಡು ತಿಳಿದವರು ಅದರ ಮೇಲೆ ವಾದ ಮಾಡುವುದಿಲ್ಲ. ಮಂಚ ಕಾಯಂ ಇರಲಿ, ಮೇಜೇ ಬೇಡ ಎಂಬುದು ಅವಳ ತೀರ್ಮಾನ. ಊಟಕ್ಕೆ ಹೊರಗೆ ಮಡಚುವ ಎರಡು ಕುರ್ಚಿ, ಮಳೆ ಬಂದರೆ ಮಂಚದ ಅಂಚು. ರೊಟ್ಟಿ ತಿನ್ನಲು ಮೇಜು ಬೇಕೆಂದು ನಮ್ಮ ಅಜ್ಜಂದಿರು ಯಾವತ್ತೂ ಅಂದುಕೊಂಡಿರಲಿಲ್ಲ ಎಂದಳು. ನನ್ನ ನಕ್ಷೆಗಳಲ್ಲೆಲ್ಲ ಮೇಜು ನಡುವೆ ಇತ್ತು, ಏಕೆಂದರೆ ನಾನು ನೋಡಿದ ಚಿತ್ರಗಳಲ್ಲೆಲ್ಲ ಅದು ನಡುವೆ ಇತ್ತು. ಮೊಮ್ಮಗ ಬಂದರೆ ಎಲ್ಲಿ ಮಲಗುತ್ತಾನೆ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಚಾಲಕನ ಆಸನದ ಹಿಂದೆ ಬೆಲ್ಟ್ ಇರುವ ಆಸನವೊಂದಕ್ಕೆ ಮಾತ್ರ ಜಾಗ ಬಿಟ್ಟಿದ್ದೇವೆ.

ಮಧ್ಯಾಹ್ನ ಊಟವಾದ ಮೇಲೆ ಸಣ್ಣ ವ್ಯಾನಿನ ಗೆರೆಗಳೊಳಗೆ ಚಾಪೆ ಹಾಸಿ, ಆರೂಕಾಲು ಅಡಿಗೆ ನಾಲ್ಕು ಅಡಿಯ ಆ ಮಂಚದ ಮೇಲೆ ಇಬ್ಬರೂ ಮಲಗಿ ನೋಡಿದೆವು. ಎದುರುಮನೆಯ ಕಿಟಕಿ ತೆರೆದು ಮುಚ್ಚಿತು. ಗೋಡೆಯ ಬದಿಗೆ ನಾನು ಮಲಗಿದ್ದೆ. ಏಳಬೇಕಾದರೆ ಅವಳನ್ನು ದಾಟಿಯೇ ಹೋಗಬೇಕೆಂಬುದು ಆಗ ತಿಳಿಯಿತು, ಮತ್ತು ರಾತ್ರಿ ಎರಡು ಸಲ ಏಳುವವನು ನಾನು. ಜಾಗ ಅದಲುಬದಲು ಮಾಡಿಕೊಂಡು, ಶೌಚಾಲಯದ ಬಾಗಿಲು ನನ್ನ ಕಾಲಿನ ಕಡೆ ಬರುವಂತೆ ಗೆರೆಯನ್ನು ತಿದ್ದಿ, ಅಳತೆಗಳನ್ನೆಲ್ಲ ಬರೆದು ಸಂಜೆ ಮೇಸ್ತ್ರಿಗೆ ಫೋನ್ ಮಾಡಿದೆ. "ಸಣ್ಣದರೀ ಸರ?" ಎಂದು ಎರಡು ಸಲ ಕೇಳಿ, ಗುರುವಾರ ಬರಲು ಹೇಳಿದ್ದಾರೆ.