ಹುಟ್ಟು ಹಾಕದವನಿಗೂ ಚಿನ್ನದ ಪದಕವೇ?

ರೋಯಿಂಗ್ ಬಗ್ಗೆ ಎಲ್ಲಿ ಮಾತು ತೆಗೆದರೂ ಈ ಪ್ರಶ್ನೆ ನನಗೆ ತಪ್ಪಿದ್ದಲ್ಲ. ಇಬ್ಬರು ಮೈಮುರಿದು ಹುಟ್ಟು ಹಾಕುವ ದೋಣಿಯಲ್ಲಿ ಮೂರನೆಯವನು ಸುಮ್ಮನೆ ಕುಳಿತಿರುತ್ತಾನಲ್ಲ, ಅವನಿಗೂ ಪದಕ ಏಕೆ?

ಆಗ ನನಗೆ ನೆನಪಾಗುವವರು, ಅಂಥದೇ ದೋಣಿಯಲ್ಲಿ ಹುಟ್ಟು ಹಾಕಿದ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಫೆಲ್ಬರ್. 1886ರಲ್ಲಿ ಹುಟ್ಟಿದ ಅವರು 1920ರ ಆಂಟ್‌ವರ್ಪ್ ಒಲಿಂಪಿಕ್ಸಿಗೆ ಹೋಗುವ ಹೊತ್ತಿಗೆ ಮೂವತ್ತು ದಾಟಿದ್ದರು. ಜೊತೆಗಾರ ಎಡ್ವಾರ್ ಕಾಂಡವೋ ಅವರಿಗಿಂತ ಹತ್ತು ವರ್ಷಕ್ಕೂ ಹೆಚ್ಚು ಚಿಕ್ಕವರು. ಪೈಪೋಟಿ ನಡೆದದ್ದು ಬ್ರಸೆಲ್ಸ್ ಬಳಿಯ ಕಾಲುವೆಯಲ್ಲಿ. ಇಟಲಿಯ ಓಲ್ಜೆನಿ ಮತ್ತು ಸ್ಕಟ್ಟುರಿನ್ ಚಿನ್ನ ಗೆದ್ದರು, ಫ್ರಾನ್ಸ್ ಬೆಳ್ಳಿ ಪಡೆಯಿತು, ಫೆಲ್ಬರ್ ಜೋಡಿಗೆ ಕಂಚು ಸಿಕ್ಕಿತು.

ಇನ್ನು ಆ ದೋಣಿಯೊಳಗೆ ಬನ್ನಿ. ಇಬ್ಬರಿಗೂ ಒಂದೊಂದೇ ಹುಟ್ಟು, ಒಬ್ಬರದು ಎಡಕ್ಕೆ, ಇನ್ನೊಬ್ಬರದು ಬಲಕ್ಕೆ. ಒಬ್ಬರ ಎಳೆತ ಕೊಂಚ ಬಿರುಸಾದರೂ ದೋಣಿಯ ಮೂತಿ ಪಕ್ಕಕ್ಕೆ ತಿರುಗುತ್ತದೆ. ಅವರು ಗುರಿಗೆ ಬೆನ್ನು ಹಾಕಿ ಕುಳಿತಿರುವುದರಿಂದ ಮುಂದೇನಿದೆ ಎಂಬುದು ಕಾಣುವುದಿಲ್ಲ. ಕಾಣುವುದು ಚುಕ್ಕಾಣಿ ಹಿಡಿದ ಆ ಮೂರನೆಯವನಿಗೆ, ಅಂದರೆ ಕಾಕ್ಸ್‌ಗೆ ಮಾತ್ರ. ಚುಕ್ಕಾಣಿಯನ್ನು ಬೇಕಾದಷ್ಟು ತಿರುಗಿಸುವ ಸ್ವಾತಂತ್ರ್ಯವೂ ಅವನಿಗಿಲ್ಲ, ಏಕೆಂದರೆ ತಿರುಗಿಸಿದಷ್ಟೂ ನೀರು ಅದಕ್ಕೆ ಅಡ್ಡಬಂದು ವೇಗವನ್ನು ತಿನ್ನುತ್ತದೆ. ಬಾಗುವ ಮೊದಲೇ ಬಾಗುವುದನ್ನು ಗ್ರಹಿಸಿ, ಕೂದಲೆಳೆಯಷ್ಟು ತಿದ್ದಿ, ಲಯ ತಪ್ಪದಂತೆ ಕೂಗಿ ಹೇಳುವವನು ಅವನು.

ಅವನು ಭಾರ ಹೌದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಎಂಟು ಜನರ ದೋಣಿಯಲ್ಲಿ ಆ ಭಾರ ಎಂಟು ಪಾಲಾಗುತ್ತದೆ, ಇಲ್ಲಿ ಎರಡೇ ಪಾಲು. 1924ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಕಾಕ್ಸ್ ಇಲ್ಲದ ಡಚ್ ಜೋಡಿ 8 ನಿಮಿಷ 19.4 ಸೆಕೆಂಡಿನಲ್ಲಿ ಗೆದ್ದರೆ, ಕಾಕ್ಸ್ ಇದ್ದ ಸ್ಪರ್ಧೆಯ ವಿಜೇತರಿಗೆ ಸುಮಾರು ಇಪ್ಪತ್ತು ಸೆಕೆಂಡು ಹೆಚ್ಚೇ ಹಿಡಿಯಿತು.

ಆ ವಿಜೇತರೇ ಫೆಲ್ಬರ್ ಮತ್ತು ಕಾಂಡವೋ. ಸೆನ್ ನದಿಯ ಮೇಲೆ ಮತ್ತೆ ಎದುರಾದದ್ದು ಅದೇ ಓಲ್ಜೆನಿ, ಅದೇ ಸ್ಕಟ್ಟುರಿನ್. ಫೆಲ್ಬರ್ ನಲವತ್ತರ ಹೊಸ್ತಿಲಲ್ಲಿದ್ದರು. ಈ ಬಾರಿ ಅವರ ಮುಂದೆ ಚುಕ್ಕಾಣಿ ಹಿಡಿದು ಕುಳಿತವರು ಎಮಿಲ್ ಲಾಶಪೆಲ್. ಸ್ವಿಸ್ ದೋಣಿ 8 ನಿಮಿಷ 39.0 ಸೆಕೆಂಡು, ಇಟಲಿಯದು 8 ನಿಮಿಷ 39.1. ಎರಡು ಸಾವಿರ ಮೀಟರ್ ಹುಟ್ಟು ಹಾಕಿದ ಮೇಲೆ ಉಳಿದ ಅಂತರ ಅಷ್ಟೇ! ದಾರಿಯಲ್ಲಿ ಒಮ್ಮೆ ಚುಕ್ಕಾಣಿ ಅಗತ್ಯಕ್ಕಿಂತ ಬೆರಳಷ್ಟು ಹೆಚ್ಚು ತಿರುಗಿದ್ದರೂ ಆ ಚಿನ್ನ ಇಟಲಿಗೆ ಹೋಗುತ್ತಿತ್ತು. ಗುರಿಗೆರೆ ಇನ್ನೆಷ್ಟು ದೂರವಿದೆ ಎಂಬುದು ಆ ದೋಣಿಯಲ್ಲಿ ಕಾಣುತ್ತಿದ್ದದ್ದು ಲಾಶಪೆಲ್ ಒಬ್ಬರಿಗೆ.